ಉದ್ದಿಮೆಗೆ ಒಪ್ಪುವ ಬ್ಯಾಂಕಿನ ಆಯ್ಕೆ: ಗ್ರಾಹಕ ಸೇವೆಯನ್ನು ಅಳೆಯುವ ಬಗೆ

ಬಹುಪಾಲು ವರ್ತಕರು ತಮ್ಮ ಬ್ಯಾಂಕನ್ನು ಆರಿಸಿಕೊಂಡವರಲ್ಲ. ತಂದೆಯ ಕಾಲದಿಂದ ಖಾತೆ ಇದ್ದ ಶಾಖೆ, ಅಂಗಡಿಗೆ ಹತ್ತಿರವಿದ್ದ ಶಾಖೆ ಅಥವಾ ಮೊದಲ ಸಾಲ ಕೊಟ್ಟ ಶಾಖೆಯಲ್ಲಿಯೇ ವ್ಯವಹಾರ ಮುಂದುವರಿದುಕೊಂಡು ಬಂದಿರುತ್ತದೆ. ಕರ್ನಾಟಕದಲ್ಲಿ ಈ ರೂಢಿ ಬಲವಾಗಿ ಬೇರೂರಲು ಕಾರಣವೂ ಉಂಟು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1913ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಸ್ಥಾಪನೆಗೊಂಡವು. ಇವುಗಳ ವ್ಯವಸ್ಥಾಪಕರಿಗೆ ಪೇಟೆಯ ಹವಾಮಾನವೂ ಗಿರಾಕಿಯ ಮನೆತನವೂ ತಿಳಿದಿರುತ್ತಿದ್ದವು.

ಆ ಪರಿಸ್ಥಿತಿ ಈಗ ಬದಲಾಗಿದೆ. ಮೈಸೂರು ಬ್ಯಾಂಕ್ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಸಾಲ ಮಂಜೂರಾತಿಯ ಕೆಲಸ ಅನೇಕ ಬ್ಯಾಂಕುಗಳಲ್ಲಿ ಶಾಖೆಯಿಂದ ಕೇಂದ್ರೀಕೃತ ಕಚೇರಿಗಳಿಗೆ ಸ್ಥಳಾಂತರಗೊಂಡಿದೆ. ಹಳೆಯ ಪರಿಚಯವನ್ನು ಮಾತ್ರ ನಂಬಿ ಕುಳಿತುಕೊಳ್ಳುವಂತಿಲ್ಲ. ಬ್ಯಾಂಕಿನ ಸೇವೆಯನ್ನು ಕಚ್ಚಾ ಮಾಲಿನಂತೆಯೇ ಪರೀಕ್ಷಿಸಿ ಕೊಳ್ಳಬೇಕಾದ ಅಗತ್ಯ ಒದಗಿದೆ.

ಬಡ್ಡಿ ದರವೊಂದೇ ಅಳತೆಯಲ್ಲ

ಬ್ಯಾಂಕುಗಳನ್ನು ಹೋಲಿಸುವಾಗ ಉದ್ದಿಮೆದಾರರು ಮೊದಲು ಕೇಳುವುದು ಬಡ್ಡಿಯ ದರವನ್ನು. ಇದು ಸಹಜವಾದರೂ ಸಾಲದು. ಒಂದು ಸರಳ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. 20 ಲಕ್ಷ ರೂಪಾಯಿಗಳ ಕ್ಯಾಶ್ ಕ್ರೆಡಿಟ್ ಮಿತಿಯನ್ನು ವರ್ಷವಿಡೀ ಪೂರ್ತಿಯಾಗಿ ಬಳಸಿಕೊಳ್ಳುವ ಘಟಕಕ್ಕೆ ಬಡ್ಡಿಯಲ್ಲಿ ಶೇಕಡಾ ಅರ್ಧದಷ್ಟು ರಿಯಾಯಿತಿ ದೊರೆತರೆ ಆಗುವ ಉಳಿತಾಯ 10,000 ರೂಪಾಯಿ. ಅದೇ ಘಟಕ ಹಂಗಾಮಿನ ಹೊತ್ತಿಗೆ 5 ಲಕ್ಷ ರೂಪಾಯಿಗಳ ಹೆಚ್ಚುವರಿ ಮಿತಿ ಕೋರಿ, ಮಂಜೂರಾತಿ ಎರಡು ತಿಂಗಳು ತಡವಾಯಿತೆನ್ನಿ. ಆ ಹಣವನ್ನು ಹೊರಗಿನಿಂದ ತಿಂಗಳಿಗೆ ಶೇಕಡಾ 2ರಂತೆ ತಂದರೆ ಬಡ್ಡಿ 20,000 ರೂಪಾಯಿ. ಬ್ಯಾಂಕಿನಲ್ಲಿ ವಾರ್ಷಿಕ ಶೇಕಡಾ 10ರಂತೆ ಅದು ಸುಮಾರು 8,333 ರೂಪಾಯಿ ಮಾತ್ರ. ವ್ಯತ್ಯಾಸ 11,667 ರೂಪಾಯಿ. ವರ್ಷವಿಡೀ ದೊರೆತ ರಿಯಾಯಿತಿಯನ್ನು ಒಂದೇ ವಿಳಂಬ ನುಂಗಿ ಹಾಕುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ವರ್ತಕರಿಗಾಗಲಿ ಶಿವಮೊಗ್ಗದ ಅಡಿಕೆ ಮಂಡಿಗಳಿಗಾಗಲಿ ಹಂಗಾಮು ಕಳೆದ ಮೇಲೆ ಬಂದ ಹಣದಿಂದ ಹೆಚ್ಚಿನ ಪ್ರಯೋಜನವಿಲ್ಲ.

ದುಡಿಯುವ ಬಂಡವಾಳ ಮತ್ತು ನವೀಕರಣ

ಸಣ್ಣ ಘಟಕಗಳ ದುಡಿಯುವ ಬಂಡವಾಳದ ಮಿತಿಯನ್ನು ನಿರ್ಧರಿಸಲು ನಾಯಕ್ ಸಮಿತಿ ಶಿಫಾರಸು ಮಾಡಿದ ವಹಿವಾಟು ಪದ್ಧತಿ ರೂಢಿಯಲ್ಲಿದೆ. ಅಂದಾಜು ವಾರ್ಷಿಕ ವಹಿವಾಟಿನ ಶೇಕಡಾ 25ನ್ನು ದುಡಿಯುವ ಬಂಡವಾಳದ ಅವಶ್ಯಕತೆ ಎಂದು ಪರಿಗಣಿಸಿ, ಅದರಲ್ಲಿ ವಹಿವಾಟಿನ ಶೇಕಡಾ 20ನ್ನು ಬ್ಯಾಂಕು, ಉಳಿದ ಶೇಕಡಾ 5ನ್ನು ಉದ್ದಿಮೆದಾರ ಒದಗಿಸಬೇಕು. ಒಂದು ಕೋಟಿ ರೂಪಾಯಿ ವಹಿವಾಟಿನ ಘಟಕಕ್ಕೆ ಬ್ಯಾಂಕಿನ ಪಾಲು 20 ಲಕ್ಷ ರೂಪಾಯಿ.

ಮಂಜೂರಾದ ಮಿತಿಯೆಲ್ಲವೂ ಕೈಗೆ ದೊರೆಯುವುದೆಂದು ಭಾವಿಸಬಾರದು. ಎಷ್ಟು ಹಣ ತೆಗೆಯಬಹುದೆಂಬುದನ್ನು ಡ್ರಾಯಿಂಗ್ ಪವರ್ ನಿರ್ಧರಿಸುತ್ತದೆ. ಉದಾಹರಣೆಗೆ, ದಾಸ್ತಾನು 24 ಲಕ್ಷ, ಸರಕು ಕೊಟ್ಟವರಿಗೆ ಸಲ್ಲಬೇಕಾದ ಬಾಕಿ 8 ಲಕ್ಷ, ಗಿರಾಕಿಗಳಿಂದ ಬರಬೇಕಾದ ಬಾಕಿ 10 ಲಕ್ಷ ರೂಪಾಯಿ ಇರಲಿ. ದಾಸ್ತಾನಿನ ಮೇಲೆ ಶೇಕಡಾ 25, ಬರಬೇಕಾದ ಬಾಕಿಯ ಮೇಲೆ ಶೇಕಡಾ 40 ಮಾರ್ಜಿನ್ ಎಂದಾದರೆ, 16 ಲಕ್ಷದಲ್ಲಿ 12 ಲಕ್ಷ ಮತ್ತು 10 ಲಕ್ಷದಲ್ಲಿ 6 ಲಕ್ಷ ಸೇರಿ 18 ಲಕ್ಷ ರೂಪಾಯಿ ಮಾತ್ರ ಲಭ್ಯ. ಮಾರ್ಜಿನ್ ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ ವ್ಯತ್ಯಾಸವಾಗುವುದರಿಂದ ಬಡ್ಡಿ ದರದ ಜೊತೆಗೆ ಇದನ್ನೂ ಕೇಳಿ ತಿಳಿಯಬೇಕು.

ಸೇವೆಯ ನಿಜವಾದ ಪರೀಕ್ಷೆ ನವೀಕರಣದ ಸಂದರ್ಭದಲ್ಲಿ ನಡೆಯುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಮಿತಿಯ ನವೀಕರಣ ಗಡುವಿನಿಂದ 180 ದಿನಗಳೊಳಗೆ ಆಗದಿದ್ದರೆ ಖಾತೆ ಅನುತ್ಪಾದಕ ಆಸ್ತಿಯೆಂದು ವರ್ಗೀಕರಣಗೊಳ್ಳುತ್ತದೆ. ಮೂರು ತಿಂಗಳಿಗಿಂತ ಹಳೆಯ ಸ್ಟಾಕ್ ಸ್ಟೇಟ್‌ಮೆಂಟ್ ಆಧರಿಸಿ ಹಣ ತೆಗೆದರೆ ಖಾತೆ ಅಕ್ರಮಬದ್ಧವೆನಿಸುತ್ತದೆ. ಆ ಸ್ಥಿತಿ 90 ದಿನ ಮುಂದುವರಿದರೂ ಫಲ ಅದೇ. ಅಂದರೆ ಬಡ್ಡಿಯನ್ನು ಸರಿಯಾಗಿ ಕಟ್ಟುತ್ತಿರುವ ಉದ್ದಿಮೆದಾರನೂ ಕಾಗದಪತ್ರಗಳ ವಿಳಂಬದಿಂದ ಹೆಸರು ಕೆಡಿಸಿಕೊಳ್ಳಬಹುದು. ಗಡುವಿಗೆ ಎರಡು ತಿಂಗಳು ಮೊದಲೇ ಬೇಕಾದ ದಾಖಲೆಗಳ ಪಟ್ಟಿಯನ್ನು ಒಂದೇ ಬಾರಿಗೆ ಕೊಡುವ ಶಾಖೆ ಉತ್ತಮ ಶಾಖೆ. ವಾರಕ್ಕೊಂದು ಹೊಸ ಕಾಗದ ಕೇಳುವ ಶಾಖೆಯಿಂದ ದೂರವಿರುವುದು ಲೇಸು. ಸಣ್ಣ ಉದ್ದಿಮೆಗಳ ಸಾಲದ ಅರ್ಜಿಗೆ ಸ್ವೀಕೃತಿ ಕೊಡುವುದು ಬ್ಯಾಂಕಿನ ಕರ್ತವ್ಯ. ಅರ್ಜಿದಾರರು ಅದನ್ನು ತಪ್ಪದೆ ಪಡೆಯಬೇಕು.

ಹಣ ಸಂದಾಯ ಮತ್ತು ಚೆಕ್ಕುಗಳು

ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದಲೂ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದಲೂ ದಿನದ 24 ಗಂಟೆ ಕಾರ್ಯ ನಿರ್ವಹಿಸುತ್ತಿವೆ. ಚೆಕ್ಕುಗಳ ವಿಷಯದಲ್ಲಿ 2025ರ ಅಕ್ಟೋಬರ್ 4ರಿಂದ ಮಹತ್ವದ ಬದಲಾವಣೆ ಜಾರಿಗೆ ಬಂದಿತು. ನಿಗದಿತ ಅವಧಿಯಲ್ಲಿ ಬಂದ ಚೆಕ್ಕುಗಳ ಬಿಂಬವನ್ನು ಕೂಡಲೇ ತೀರುವೆಗೆ ಕಳುಹಿಸಬೇಕು; ಹಣ ಕೊಡಬೇಕಾದ ಬ್ಯಾಂಕು ಅದೇ ಸಂಜೆ 7ರೊಳಗೆ ಉತ್ತರಿಸದಿದ್ದರೆ ಚೆಕ್ಕು ಅಂಗೀಕೃತವೆಂದೇ ಪರಿಗಣಿಸಲಾಗುತ್ತದೆ. ಆದ್ದರಿಂದ ಬೆಳಿಗ್ಗೆ ಕೊಟ್ಟ ಚೆಕ್ಕನ್ನು ಮರುದಿನ ಸ್ಕ್ಯಾನ್ ಮಾಡುವ ಶಾಖೆಯ ಸೋಮಾರಿತನವನ್ನು ಇನ್ನು ವ್ಯವಸ್ಥೆಯ ಮೇಲೆ ಹೊರಿಸುವಂತಿಲ್ಲ.

ಚೆಕ್ಕು ಅಮಾನ್ಯವಾದಾಗಲಂತೂ ಶಾಖೆಯ ಚುರುಕುತನಕ್ಕೆ ಕಾನೂನಿನ ಮಹತ್ವವಿದೆ. ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನಂತೆ, ಬ್ಯಾಂಕಿನಿಂದ ಮಾಹಿತಿ ದೊರೆತ 30 ದಿನಗಳೊಳಗೆ ಚೆಕ್ಕು ಕೊಟ್ಟವನಿಗೆ ನೋಟೀಸು ಕಳುಹಿಸಬೇಕು. ಚೆಕ್ಕು ಮರಳಿದ ಮೆಮೊವನ್ನು ದಿನಾಂಕ, ಕಾರಣ ಮತ್ತು ಸಹಿಯೊಂದಿಗೆ ಕೂಡಲೇ ಕೊಡುವ ಬ್ಯಾಂಕಿನಿಂದ ಬಾಕಿ ವಸೂಲಿಗೆ ನೇರ ನೆರವು ದೊರೆಯುತ್ತದೆ.

ಕಾಣದ ಖರ್ಚುಗಳು

ಚಾಲ್ತಿ ಖಾತೆಗೆ ಬಡ್ಡಿಯಿಲ್ಲ. ಕನಿಷ್ಠ ಸರಾಸರಿ ಶಿಲ್ಕು ಒಂದು ಲಕ್ಷ ರೂಪಾಯಿ ಇರಬೇಕೆಂದು ಬ್ಯಾಂಕು ಷರತ್ತು ವಿಧಿಸಿದರೆ, ಶೇಕಡಾ 10ರ ಬಡ್ಡಿಗೆ ಸಾಲ ತರುವ ಉದ್ದಿಮೆದಾರನಿಗೆ ಅದು ವರ್ಷಕ್ಕೆ 10,000 ರೂಪಾಯಿಗಳ ಖರ್ಚೇ ಸರಿ. ನಗದು ಜಮಾ ಎಷ್ಟರವರೆಗೆ ಉಚಿತ, ಚೆಕ್ ಪುಸ್ತಕದ ಬೆಲೆಯೆಷ್ಟು, ಸಾಲದ ಸಂಸ್ಕರಣಾ ಶುಲ್ಕ ಮತ್ತು ದಾಸ್ತಾನು ತಪಾಸಣೆಯ ಶುಲ್ಕಗಳೆಷ್ಟು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಬ್ಯಾಂಕಿನ ಶುಲ್ಕಗಳ ಮೇಲೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆ. ಖಾತೆಯಲ್ಲಿ ಉದ್ದಿಮೆಯ ಜಿಎಸ್‌ಟಿ ಸಂಖ್ಯೆ ಸರಿಯಾಗಿ ನಮೂದಾಗಿದ್ದರೆ ನಿಯಮದಂತೆ ಹೂಡುವಳಿ ತೆರಿಗೆ ಜಮೆ ಪಡೆಯಲು ಸಾಧ್ಯ. ಅನೇಕರು ಇದನ್ನು ಗಮನಿಸುವುದೇ ಇಲ್ಲ.

ಈಚಿನ ನಿಯಮಗಳು ಸಾಲಗಾರನಿಗೆ ಅನುಕೂಲಕರವಾಗಿವೆ. 2024ರ ಏಪ್ರಿಲ್ 1ರಿಂದ ಹೊಸ ಸಾಲಗಳಿಗೆ ದಂಡದ ಬಡ್ಡಿ ವಿಧಿಸುವಂತಿಲ್ಲ. ದಂಡದ ಶುಲ್ಕ ವಿಧಿಸಬಹುದಾದರೂ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ ಎಲ್ಲ ಖರ್ಚುಗಳನ್ನೊಳಗೊಂಡ ವಾರ್ಷಿಕ ದರವನ್ನು ತಿಳಿಸುವ ಪ್ರಮುಖಾಂಶಗಳ ಪತ್ರ ಕೊಡುವುದು ಕಡ್ಡಾಯ. ಎರಡು ಬ್ಯಾಂಕುಗಳ ಈ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಿಜವಾದ ದರ ತಾನಾಗಿಯೇ ತಿಳಿಯುತ್ತದೆ.

ವಂಚನೆ ಮತ್ತು ದೂರು

ಇಂಟರ್‌ನೆಟ್ ಬ್ಯಾಂಕಿಂಗ್ ಮೂಲಕ ನಡೆಯುವ ವಂಚನೆ ಸಣ್ಣ ಉದ್ದಿಮೆಯನ್ನು ಒಂದೇ ದಿನದಲ್ಲಿ ಮುಳುಗಿಸಬಲ್ಲದು. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಬೇರೆಡೆಯ ಲೋಪದಿಂದ ಹಣ ಹೋದಲ್ಲಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ನಿರ್ದೇಶಿಸಿತು. ತಡಮಾಡಿದಷ್ಟೂ ಹೊಣೆ ಹೆಚ್ಚುತ್ತದೆ. ಗುಪ್ತಸಂಖ್ಯೆಯನ್ನು ಗ್ರಾಹಕನೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಆತನದೇ. ಆದಕಾರಣ ರಾತ್ರಿಯಲ್ಲಿಯೂ ದೂರವಾಣಿ ಎತ್ತಿಕೊಂಡು, ಖಾತೆಯನ್ನು ತಡೆಹಿಡಿದು, ದೂರಿನ ಸಂಖ್ಯೆ ಕೊಡುವ ಬ್ಯಾಂಕನ್ನೇ ಆರಿಸಬೇಕು. ಜೊತೆಗೆ 1930 ಸಂಖ್ಯೆಗೂ ಕೂಡಲೇ ಕರೆ ಮಾಡುವುದು ಅವಶ್ಯ.

ಇತರ ದೂರುಗಳನ್ನು ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ಸಲ್ಲಿಸಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಆದರೆ ಸಾಲ ಕೊಡಬೇಕೇ ಬೇಡವೇ ಎಂಬ ಬ್ಯಾಂಕಿನ ವಾಣಿಜ್ಯ ನಿರ್ಣಯ ಆ ವ್ಯಾಪ್ತಿಗೆ ಬಾರದು. ಆ ವಿಷಯದಲ್ಲಿ ಉದ್ದಿಮೆದಾರನಿಗಿರುವ ಪರಿಹಾರ ಬೇರೆ ಬ್ಯಾಂಕನ್ನು ಹುಡುಕುವುದೇ.

ನಯವಿನಯವೇ ಭದ್ರತೆಯಲ್ಲ

ನಗುಮೊಗದ ಸೇವೆಗೆ ಮಾರುಹೋಗಿ ಬ್ಯಾಂಕಿನ ಆರೋಗ್ಯವನ್ನು ಮರೆಯಬಾರದು. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ವಿಧಿಸಿದಾಗ ಗ್ರಾಹಕರು ತೆಗೆಯಬಹುದಾದ ಮೊತ್ತ 50,000 ರೂಪಾಯಿಗಳಿಗೆ ಸೀಮಿತವಾಯಿತು. ಆ ನಿರ್ಬಂಧ ಮಾರ್ಚ್ 18ರಂದು ತೆರವಾಯಿತಾದರೂ, ಕೂಲಿ ಬಟವಾಡೆ ಮಾಡಬೇಕಾದ ಕಾರ್ಖಾನೆಗೆ ಎರಡು ವಾರವೂ ದೀರ್ಘ ಕಾಲವೇ. ಠೇವಣಿ ವಿಮೆಯ ಮಿತಿಯನ್ನು 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಈ ಮಿತಿಯನ್ನು ಲೆಕ್ಕ ಹಾಕುವಾಗ ಏಕಮಾಲೀಕತ್ವದ ಅಂಗಡಿಯ ಖಾತೆಯನ್ನೂ ಮಾಲೀಕನ ಸ್ವಂತ ಖಾತೆಯನ್ನೂ ಒಟ್ಟುಗೂಡಿಸಲಾಗುತ್ತದೆ. ಪಾಲುದಾರಿಕೆ ಸಂಸ್ಥೆಯ ಖಾತೆಯನ್ನು ಪ್ರತ್ಯೇಕವಾಗಿ ಪರಿಗಣಿಸಲಾಗುತ್ತದೆ. ಆದ್ದರಿಂದ ತುರ್ತಿಗೆ ಬೇಕಾಗುವ ಹಣದ ಒಂದು ಭಾಗವನ್ನು ಎರಡನೆಯ ಬ್ಯಾಂಕಿನಲ್ಲಿ ಇಡುವುದು ವಿವೇಕ. ಹೆಚ್ಚಿನ ಮೊತ್ತದ ಸಾಲವಿರುವ ಘಟಕಗಳು ಬೇರೆ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆಯುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಿರುವುದರಿಂದ ಸಾಲ ಕೊಟ್ಟ ಬ್ಯಾಂಕನ್ನು ಮೊದಲು ವಿಚಾರಿಸಬೇಕು.

ಬ್ಯಾಂಕು ಬದಲಿಸುವಾಗ

ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಬೀಳುವುದೆಂಬ ಭಯದಿಂದ ಅನೇಕರು ಕೆಟ್ಟ ಸೇವೆಯನ್ನು ಸಹಿಸಿಕೊಂಡಿದ್ದರು. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಣಗೊಂಡ, ಬದಲಾಗುವ ಬಡ್ಡಿ ದರದ ಸಾಲಗಳನ್ನು ಅವಧಿಗೆ ಮೊದಲು ತೀರಿಸುವ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ವಾಣಿಜ್ಯ ಬ್ಯಾಂಕುಗಳು ಶುಲ್ಕ ಪಡೆಯುವಂತಿಲ್ಲ. ಕಿರು ಹಣಕಾಸು ಬ್ಯಾಂಕು, ಗ್ರಾಮೀಣ ಬ್ಯಾಂಕು ಮೊದಲಾದವುಗಳಿಗೆ ನಿಯಮ ಬೇರೆಯಾಗಿದೆ. ಹಳೆಯ ಸಾಲವಿರುವವರು ತಮ್ಮ ಕರಾರು ಪತ್ರವನ್ನು ಓದಿ ಮುಂದುವರಿಯಬೇಕು.

ಹೊಸ ಬ್ಯಾಂಕಿನ ಮಂಜೂರಾತಿ ಪತ್ರ ಕೈಸೇರುವವರೆಗೆ ಹಳೆಯ ಬ್ಯಾಂಕಿಗೆ ವಿದಾಯ ಹೇಳಬಾರದು. ಖಾತೆ ಬದಲಾದ ಮೇಲೆ ಬಿಲ್ಲುಗಳು, ಜಿಎಸ್‌ಟಿ ನೋಂದಣಿ, ಖಾತೆಯಿಂದ ತಾನಾಗಿ ಕಡಿತವಾಗುವ ಕಂತುಗಳು ಮತ್ತು ಕೊಟ್ಟಿರುವ ಮುಂದಿನ ತಾರೀಖಿನ ಚೆಕ್ಕುಗಳನ್ನು ಒಂದೊಂದಾಗಿ ಸರಿಪಡಿಸಬೇಕು. ಅಡಮಾನದ ಪತ್ರಗಳನ್ನು ಪಟ್ಟಿಯಂತೆ ಎಣಿಸಿ ಪಡೆದು, ಋಣಭಾರ ತೆಗೆಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಬೇಕು.

ಖಾತೆ ತೆರೆಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಸಾಲ ಮಂಜೂರು ಮಾಡುವ ಅಧಿಕಾರ ಶಾಖೆಯಲ್ಲಿದೆಯೇ, ಬೇರೆ ಕಚೇರಿಯಲ್ಲಿದೆಯೇ? ಎಷ್ಟು ದಿನಗಳಲ್ಲಿ ನಿರ್ಣಯ ದೊರೆಯುತ್ತದೆ?
2. ದಾಸ್ತಾನು ಮತ್ತು ಬಾಕಿಗಳ ಮೇಲೆ ಮಾರ್ಜಿನ್ ಎಷ್ಟು?
3. ಹಂಗಾಮಿನ ತಾತ್ಕಾಲಿಕ ಮಿತಿಗೆ ವ್ಯವಸ್ಥೆ ಇದೆಯೇ?
4. ಎಲ್ಲ ಶುಲ್ಕಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೊಡುವರೇ?
5. ವ್ಯವಸ್ಥಾಪಕರು ರಜೆಯಲ್ಲಿದ್ದಾಗ ಕೆಲಸ ನೋಡುವವರು ಯಾರು?
6. ಅದೇ ಶಾಖೆಯಲ್ಲಿ ವ್ಯವಹರಿಸುವ ಇಬ್ಬರು ವರ್ತಕರ ಅನುಭವವೇನು?

ಕೊನೆಯ ಪ್ರಶ್ನೆಗೆ ಬ್ಯಾಂಕು ಉತ್ತರ ಕೊಡಲಾರದು. ಪೇಟೆಯಲ್ಲಿಯೇ ವಿಚಾರಿಸಿ ತಿಳಿಯಬೇಕು. ಹಾಗೆಯೇ ಉತ್ತಮ ಸೇವೆ ಬಯಸುವ ಉದ್ದಿಮೆದಾರನೂ ಸ್ಟಾಕ್ ಸ್ಟೇಟ್‌ಮೆಂಟನ್ನು ಸಕಾಲದಲ್ಲಿ ಸಲ್ಲಿಸಬೇಕು. ಮಾರಾಟದ ಹಣವನ್ನು ಸಾಲದ ಖಾತೆಯ ಮೂಲಕವೇ ನಡೆಸಬೇಕು. ಲೆಕ್ಕಪತ್ರ ಚೊಕ್ಕಟವಾಗಿರುವ ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಬ್ಯಾಂಕೂ ಬಯಸುವುದಿಲ್ಲ. ಅಂಥ ಗಿರಾಕಿ ಮಾತ್ರವೇ ಅಗತ್ಯ ಬಿದ್ದಾಗ ಇನ್ನೊಂದು ಬ್ಯಾಂಕಿನ ಬಾಗಿಲನ್ನು ಧೈರ್ಯವಾಗಿ ತಟ್ಟಬಲ್ಲನು.