ರಕ್ತ ನಿಲ್ಲದ ಕಾಯಿಲೆ, ಮದ್ದು ಹೊರುವ ವೈರಸ್



ಮಗು ನಡೆಯಲು ಕಲಿಯುತ್ತೆ. ಬೀಳುತ್ತೆ, ಏಳುತ್ತೆ. ಮಂಡಿ ತರಚುತ್ತೆ. ಸ್ವಲ್ಪ ಹೊತ್ತಿಗೆ ರಕ್ತ ತಾನೇ ನಿಲ್ಲುತ್ತೆ. ಆದರೆ ಕೆಲವು ಗಂಡುಮಕ್ಕಳಿಗೆ ಹಾಗಲ್ಲ. ಗಾಯದಿಂದ ಬಹಳ ಹೊತ್ತು ರಕ್ತ ಜಿನುಗುತ್ತಲೇ ಇರುತ್ತೆ. ಕೆಲವು ಸಲ ಗಾಯವೇ ಕಾಣದು. ಮಂಡಿಯ ಒಳಗೆ ರಕ್ತ ಸೋರಿ ಕಾಲು ಊದಿಕೊಳ್ಳುತ್ತೆ. ಈ ಕಾಯಿಲೆಗೆ ಕುಸುಮ ರೋಗ ಅಂತಾರೆ. ಡಾಕ್ಟರು ಹಿಮೋಫಿಲಿಯಾ ಅಂತಾರೆ.

ಮನೆಯವರು, ನೆರೆಯವರು ಏನಂತಾರೆ? "ತಾಯಿ ಗ್ರಹಣ ನೋಡಿದ್ಲು." "ಅವಳ ಕಾಲ್ಗುಣ." ಇದು ನಿಜವೇ? ಖಂಡಿತ ಅಲ್ಲ. ಯಾಕೆ ಅಲ್ಲ ಅಂತ ನಾವು ತಿಳಿಯೋಣ.

ರಕ್ತ ಯಾಕೆ ಹೆಪ್ಪುಗಟ್ಟೋಲ್ಲ?

ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುತ್ತೆ. ಹೆಪ್ಪು ಹಾಕದಿದ್ದರೆ ಮೊಸರಾಗೋಲ್ಲ. ರಕ್ತ ಗಟ್ಟಿಯಾಗೋದಕ್ಕೂ ಕೆಲವು ಅಂಶಗಳು ಬೇಕು. ಅದರಲ್ಲಿ ಒಂದರ ಹೆಸರು ಫ್ಯಾಕ್ಟರ್ 8. ಅದು ಕಡಿಮೆಯಾದರೆ ರಕ್ತ ಬೇಗ ಹೆಪ್ಪುಗಟ್ಟೋಲ್ಲ.

ಫ್ಯಾಕ್ಟರ್ 8 ತಯಾರಿಸುವ ವಿಧಾನ ನಮ್ಮ ದೇಹದಲ್ಲೇ ಬರೆದಿರುತ್ತೆ. ಆ ಬರಹಕ್ಕೆ ವಂಶವಾಹಿ ಅಂತ ಹೆಸರು. ಜೀನ್ ಅಂತಲೂ ಹೇಳ್ತಾರೆ. ಬರಹದಲ್ಲಿ ದೋಷವಿದ್ದರೆ ಕಾಯಿಲೆ ಬರುತ್ತೆ.

ತಾಯಿಯನ್ನು ದೂರಬೇಡಿ

ಹೆಣ್ಣಿನಲ್ಲಿ ಈ ಬರಹದ ಎರಡು ಪ್ರತಿ ಇರುತ್ತೆ. ಗಂಡಿನಲ್ಲಿ ಒಂದೇ ಪ್ರತಿ. ಮನೆಯಲ್ಲಿ ಎರಡು ಬಿಂದಿಗೆ ಇದ್ದು ಒಂದು ತೂತಾದರೆ, ಇನ್ನೊಂದರಲ್ಲಿ ನೀರು ತರಬಹುದು. ಇರೋದೇ ಒಂದು, ಅದೂ ತೂತಾದರೆ? ಅದಕ್ಕೇ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತೆ.

ಒಂದು ಪ್ರತಿ ದೋಷವಿರುವ ತಾಯಿಗೆ ಅದು ಗೊತ್ತೇ ಇಲ್ಲದಿರಬಹುದು. ಅವಳಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಎರಡರಲ್ಲಿ ಒಂದು. ಸುಮಾರು ಮೂರರಲ್ಲಿ ಒಂದು ಮಗುವಿನ ಮನೆತನದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇದ್ದಿರೋಲ್ಲ. ದೋಷ ಹೊಸದಾಗಿ ಹುಟ್ಟಿರುತ್ತೆ. ಇದು ಯಾರೂ ಮಾಡಿದ ತಪ್ಪಲ್ಲ.

ವೈರಸ್ ಅಂದರೇನು?

ವೈರಸ್ ಕಣ್ಣಿಗೆ ಕಾಣದ ಬಹು ಸಣ್ಣ ವಸ್ತು. ನೆಗಡಿ, ದಡಾರ, ಪೋಲಿಯೋ, ಕೊರೊನಾ ಎಲ್ಲ ವೈರಸ್ಸಿನಿಂದ ಬರುತ್ತವೆ. ಅದು ಕಳ್ಳನ ಹಾಗೆ ನಮ್ಮ ಜೀವಕೋಶದ ಒಳಗೆ ನುಗ್ಗುತ್ತೆ. ತನ್ನ ಬರಹವನ್ನು ಅಲ್ಲಿಡುತ್ತೆ. ಕೋಶದಿಂದ ತನ್ನ ಕೆಲಸ ಮಾಡಿಸಿಕೊಳ್ಳುತ್ತೆ.

ದೇಹ ಸುಮ್ಮನಿರೋಲ್ಲ. ಹೋರಾಡುತ್ತೆ. ಒಮ್ಮೆ ಬಂದ ವೈರಸ್ಸಿನ ಗುರುತು ಇಟ್ಟುಕೊಳ್ಳುತ್ತೆ. ಮತ್ತೆ ಬಂದರೆ ಬೇಗ ಹಿಡಿಯುತ್ತೆ. ಇದೇ ರೋಗನಿರೋಧಕ ಶಕ್ತಿ. ಲಸಿಕೆ ಹಾಕಿಸೋದು ಈ ಗುರುತು ಕೊಡೋದಕ್ಕೇ.

ಕಳ್ಳನ ಕೈಯಲ್ಲಿ ಮದ್ದು

ವಿಜ್ಞಾನಿಗಳು ಯೋಚಿಸಿದರು. ವೈರಸ್ಸಿಗೆ ಕೋಶದ ಬಾಗಿಲು ತೆಗೆಯುವುದು ಗೊತ್ತು. ಅದರ ಕೇಡು ಮಾಡುವ ಭಾಗ ತೆಗೆದು, ಸರಿಯಾದ ವಂಶವಾಹಿ ಇಟ್ಟು ಕಳಿಸಿದರೆ? ಇದೇ ವಂಶವಾಹಿ ಚಿಕಿತ್ಸೆ. ಜೀನ್ ಥೆರಪಿ ಅಂತಲೂ ಅಂತಾರೆ.

ಆದರೆ ಒಂದು ತೊಡಕಿದೆ. ಈ ಚಿಕಿತ್ಸೆಯ ಒಂದು ಬಗೆಯಲ್ಲಿ ವೈರಸ್ಸನ್ನು ನೇರವಾಗಿ ರಕ್ತಕ್ಕೆ ಕೊಡ್ತಾರೆ. ದೇಹಕ್ಕೆ ಅದರ ಗುರುತು ಮೊದಲೇ ಇದ್ದರೆ, ಮದ್ದು ತಂದವನನ್ನೂ ಕಳ್ಳ ಅಂತಲೇ ಹೊಡೆಯುತ್ತೆ. ಅಂಥವರಿಗೆ ಆ ಚಿಕಿತ್ಸೆ ಆಗೋಲ್ಲ.

ನಮ್ಮ ಕೆಂಪಾಪುರದ ಹತ್ತಿರ

ನಮ್ಮ ಕೆಂಪಾಪುರದಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೋದರೆ ಜಿಕೆವಿಕೆ ಸಿಗುತ್ತೆ. ಕೃಷಿ ಮೇಳ ನಡೆಯುವ ಜಾಗ ಅಂದರೆ ನಿಮಗೆ ಗೊತ್ತಾಗುತ್ತೆ. ಅಲ್ಲೇ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆ ಇದೆ. ಇದು ಕೇಂದ್ರ ಸರ್ಕಾರದ ಸಂಸ್ಥೆ. ಇದರ ಒಂದು ಘಟಕ ತಮಿಳುನಾಡಿನ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿದೆ.

ವೆಲ್ಲೂರಿನಲ್ಲಿ ಬೇರೆ ದಾರಿ ಹಿಡಿದರು. ರೋಗಿಯ ರಕ್ತದಿಂದ ಆಕರ ಕೋಶಗಳನ್ನು ತೆಗೆದರು. ರಕ್ತದ ಎಲ್ಲ ಕೋಶಗಳೂ ಹುಟ್ಟೋದು ಇವುಗಳಿಂದಲೇ. ವೈರಸ್ಸಿನ ಮೂಲಕ ಅವಕ್ಕೆ ಸರಿಯಾದ ವಂಶವಾಹಿ ಸೇರಿಸಿದರು. ಇದು ನಡೆದದ್ದು ದೇಹದ ಹೊರಗೆ, ಪ್ರಯೋಗಾಲಯದಲ್ಲಿ. ಆಮೇಲೆ ಕೋಶಗಳನ್ನು ಅದೇ ರೋಗಿಗೆ ವಾಪಸ್ ಕೊಟ್ಟರು. ಈ ವೈರಸ್ ಲೆಂಟಿವೈರಸ್ ಗುಂಪಿನದು. ಎಚ್‌ಐವಿಯೂ ಅದೇ ಗುಂಪಿನದು. ಹೆದರಬೇಡಿ. ಚಿಕಿತ್ಸೆಗೆ ಬಳಸಿದ್ದು ರೋಗ ತರುವ ಶಕ್ತಿ ತೆಗೆದ ವೈರಸ್.

ಈ ಚಿಕಿತ್ಸೆಯನ್ನು 5 ಜನ ಗಂಡಸರಿಗೆ ಕೊಟ್ಟರು. ಅವರ ವಯಸ್ಸು 22ರಿಂದ 41. ಫಲಿತಾಂಶ ಡಿಸೆಂಬರ್ 2024ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ನಂತರ ಐವರ ದೇಹವೂ ತಾನೇ ಫ್ಯಾಕ್ಟರ್ 8 ತಯಾರಿಸಿತು. ಗಮನಿಸಿದ ಅವಧಿಯಲ್ಲಿ ಒಬ್ಬರಿಗೂ ರಕ್ತಸ್ರಾವವಾಗಲಿಲ್ಲ.

ಐದು ಜನ ಅಂದರೆ ಬಹಳ ಕಡಿಮೆ. ಚಿಕಿತ್ಸೆಗೆ ಮುಂಚೆ ಬಲವಾದ ಔಷಧಿಯನ್ನೂ ತಡೆದುಕೊಳ್ಳಬೇಕು. ವರ್ಷಗಟ್ಟಲೆ ಗಮನಿಸಬೇಕು. "ಈಗಲೇ ಜೀನ್ ಚಿಕಿತ್ಸೆ ಮಾಡಿಸ್ತೀವಿ, ದುಡ್ಡು ತನ್ನಿ" ಅನ್ನೋರನ್ನು ನಂಬಬೇಡಿ.

ಇವತ್ತು ನಾವು ಮಾಡಬೇಕಾದ್ದು

* ಮಗುವಿಗೆ ಪದೇ ಪದೇ ಮೈ ಕಂದಿದರೆ, ಕೀಲು ಊದಿದರೆ, ರಕ್ತ ಬೇಗ ನಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಪರೀಕ್ಷೆ ಮಾಡಿಸಿ.
* ಕಾಯಿಲೆಗೆ ಫ್ಯಾಕ್ಟರ್ 8 ಇಂಜೆಕ್ಷನ್ ಇದೆ. ಎಲ್ಲಿ ಸಿಗುತ್ತೆ ಅಂತ ಕೇಳಿ ತಿಳಿಯಿರಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ.
* ಕಾಯಿಲೆ ಇರುವ ಮಗುವಿಗೆ ಆಸ್ಪಿರಿನ್ ಕೊಡಬೇಡಿ. ಯಾವ ಸೂಜಿ ಚುಚ್ಚಿಸುವ ಮೊದಲೂ, ಹಲ್ಲು ಕೀಳಿಸುವ ಮೊದಲೂ ಡಾಕ್ಟರಿಗೆ ಕಾಯಿಲೆಯ ವಿಷಯ ಹೇಳಿ.
* ತಾಯಿ, ಅಕ್ಕ, ತಂಗಿಯರಿಗೂ ಮುಟ್ಟಿನಲ್ಲಿ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಬಹುದು. ನಾಚಿಕೆ ಬಿಟ್ಟು ಹೇಳಿ. ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಓದಿ, ಕೂತು ಮಾತಾಡಿ

1. ಕುಸುಮ ರೋಗ ಹೆಚ್ಚಾಗಿ ಗಂಡುಮಕ್ಕಳಲ್ಲಿ ಯಾಕೆ ಕಾಣುತ್ತೆ?
2. ಕೆಡುಕಿನ ವೈರಸ್ಸಿನಿಂದ ಒಳ್ಳೆಯ ಕೆಲಸ ಹೇಗೆ ಮಾಡಿಸಿದರು?
3. ನಿಮ್ಮ ಬೀದಿಯಲ್ಲಿ ಯಾರಾದರೂ ತಾಯಿಯನ್ನು ದೂರಿದರೆ ನೀವು ಏನು ಹೇಳ್ತೀರಿ? ನಾಲ್ಕು ಸಾಲು ಬರೆಯಿರಿ.