ಮೈಸೂರಿನ ಹೆಸರು ಹೊತ್ತ ಹೂಬಳ್ಳಿ



ಮಲ್ಲಿಗೆ, ವೀಳ್ಯದೆಲೆಯಂತೆ ಇನ್ನೊಂದು ಬಳ್ಳಿಗೂ ಮೈಸೂರಿನ ಹೆಸರಿದೆ. ಅದೇ ಥನ್‌ಬರ್ಜಿಯಾ ಮೈಸೂರೆನ್ಸಿಸ್. ಹೆಸರು ಕೇಳಿ ವಿದೇಶದ್ದು ಅನ್ಕೋಬೇಡಿ. ಇದು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಹಳದಿ, ಕೆಂಗಂದು ಬಣ್ಣದ ಹೂಗಳು ಚಪ್ಪರದಿಂದ ಜಡೆಯಂತೆ ಜೋತಾಡುತ್ತವೆ. ಮಕರಂದ ಹೀರಲು ಸೂರಕ್ಕಿಗಳು ಬರುತ್ತವೆ. ಹಿಮ ಬಿದ್ದರೆ ಬದುಕದ ಈ ಬಳ್ಳಿಯನ್ನು ಇಂಗ್ಲೆಂಡಿನಲ್ಲಿ ಗಾಜಿನ ಮನೆಯೊಳಗೆ ಸಾಕುತ್ತಾರೆ. ನಮಗೆ ಹಿತ್ತಲೇ ಸಾಕು.

ಬೆಳೆಸುವುದು ಹೇಗೆ?

1. ಜೂನ್-ಜುಲೈನಲ್ಲಿ ಪೆನ್ಸಿಲ್ ದಪ್ಪದ, ಮೂರು ಗೆಣ್ಣಿನ ಕಡ್ಡಿ ಕತ್ತರಿಸಿ. ತೀರಾ ಎಳೆಯದು ಕೊಳೆಯುತ್ತೆ. ಕೆಳಗಿನ ಎಲೆ ತೆಗೆಯಿರಿ.

2. ಮಣ್ಣು, ಮರಳು, ಕಳಿತ ಗೊಬ್ಬರ ಸಮನಾಗಿ ಬೆರೆಸಿ, ತೂತು ಮಾಡಿದ ಕವರಿನಲ್ಲಿ ನೆಟ್ಟು ನೆರಳಲ್ಲಿಡಿ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಸಸಿಮಡಿ ಮಾಡಿದ ಕೈಗಳಿಗೆ ಇದೇನೂ ಕಷ್ಟವಲ್ಲ.

3. ಬೇರು ತುಂಬಿದ ಮೇಲೆ, ಮಳೆ ಮುಗಿಯುವ ಮುಂಚೆ, ಒಂದೂವರೆ ಅಡಿ ಗುಂಡಿಗೆ ಗೊಬ್ಬರ ಹಾಕಿ ನೆಡಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಜಾಗ ಒಳ್ಳೆಯದು. ನೀರು ನಿಲ್ಲಬಾರದು.

4. ಬಳ್ಳಿ ಸುಮಾರು 20 ಅಡಿ ಹಬ್ಬುತ್ತೆ. ಹೂ ಕೆಳಗೆ ಇಳಿಬೀಳುವುದರಿಂದ ಚಪ್ಪರ 8 ಅಡಿ ಎತ್ತರವಿರಲಿ. ಎಳೆ ಕುಡಿಯನ್ನು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ತಂತಿ ಕಟ್ಟಿದರೆ ಕಾಂಡ ಕತ್ತರಿಸಿ ಹೋಗುತ್ತೆ.

5. ಮೊದಲ ಬೇಸಿಗೆಯೇ ಪರೀಕ್ಷೆ. ಎಚ್.ಡಿ. ಕೋಟೆಯ ಒಣ ಭಾಗದಲ್ಲಂತೂ ಬುಡಕ್ಕೆ ತರಗು ಮುಚ್ಚಿ. ತರಕಾರಿ, ಅಕ್ಕಿ ತೊಳೆದ ನೀರು ಹಾಕಿ. ಸೋಪಿನ ನೀರು ಬೇಡ. ಕೆ.ಆರ್. ನಗರದ ಗದ್ದೆ ಬಯಲಲ್ಲಿ ಬುಡ ಏರಿಸಿ ನೆಡಿ, ಇಲ್ಲವಾದರೆ ಬೇರು ಕೊಳೆಯುತ್ತೆ.

ಎರಡು ಎಚ್ಚರಿಕೆ

ಮೊದಲನೆಯದು: ಕಡ್ಡಿ ತರಲು ನಾಗರಹೊಳೆ ಕಾಡಿಗೆ ಹೋಗಬೇಡಿ. ರಾಷ್ಟ್ರೀಯ ಉದ್ಯಾನದಿಂದ ಗಿಡ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆನೆ, ಹುಲಿಯ ಅಪಾಯ ಬೇರೆ. ನರ್ಸರಿಯಿಂದ ಒಂದೇ ತಾಯಿಗಿಡ ತಂದರೆ ಸಂಘಕ್ಕೆಲ್ಲ ಕಡ್ಡಿ ಸಿಗುತ್ತೆ.

ಎರಡನೆಯದು: ಚೆಂದವಾಗಿದೆ ಅಂತ ಎಲ್ಲ ಬಳ್ಳಿಯನ್ನೂ ಮನೆಗೆ ತರಬೇಡಿ. ಅಗ್ನಿಶಿಖೆ, ಅಂದರೆ ಗೌರಿ ಹೂವಿನ ಬಳ್ಳಿಯ ಗೆಡ್ಡೆ ಕಡು ವಿಷ. ತಿಂದವರ ಪ್ರಾಣ ಹೋಗಬಹುದು. ಮಕ್ಕಳು, ಆಡು-ಕುರಿ ಓಡಾಡುವ ಹಿತ್ತಲಲ್ಲಿ ಅದು ಬೇಡವೇ ಬೇಡ. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಆದಾಯ ಬರುತ್ತಾ?

ಬರಬಹುದು, ಆದರೆ ಇದಕ್ಕಾಗಿ ಸಾಲ ಮಾಡಬೇಡಿ. 15 ಸದಸ್ಯರು ತಲಾ 10 ಕಡ್ಡಿ ನೆಟ್ಟು ಅರ್ಧ ಬದುಕಿದರೂ 75 ಗಿಡ. ಬೇರು ಬಿಟ್ಟ ಗಿಡವನ್ನೇ ಮಾರಿ. ಖರ್ಚು, ಬದುಕಿದ ಗಿಡ, ಮಾರಿದ ಗಿಡ, ಮೂರನ್ನೂ ಪುಸ್ತಕದಲ್ಲಿ ಬರೆಯಿರಿ. ಚಪ್ಪರ ತುಂಬುವ ತನಕ ಇನ್ನೊಂದು ಕಂಬಕ್ಕೆ ಹೀರೆ ಹಬ್ಬಿಸಿದರೆ ಸಾರಿಗೂ ಆಯ್ತು.

ಸಭೆಯಲ್ಲಿ ಚರ್ಚಿಸೋಣ

- ತಾಯಿಗಿಡ ಯಾರ ಹಿತ್ತಲಲ್ಲಿರಲಿ? ಬೇಸಿಗೆಯಲ್ಲಿ ನೀರು ಯಾರು ಹಾಕುತ್ತಾರೆ?
- ನಮ್ಮ ಹಿತ್ತಲುಗಳಲ್ಲಿ ವಿಷದ ಗಿಡಗಳಿವೆಯೇ?