ವ್ಯಾನಿಗೆ ಎರಡನೆಯ ಬ್ಯಾಟರಿ ಮತ್ತು ಸೌರಫಲಕ: ಆಯ್ಕೆಯ ಕ್ರಮ



ಕೊಯ್ಲಿನ ದಿನಗಳಲ್ಲಿ ಕಾಫಿ ಕಣದ ಕಾವಲಿಗೆಂದು ವ್ಯಾನಿನಲ್ಲಿಯೇ ಮಲಗುವವರೂ, ಕೆಲಸ ಮುಗಿದ ಮೇಲೆ ಅದೇ ವ್ಯಾನಿನಲ್ಲಿ ಸಂಸಾರ ಸಮೇತ ಯಾತ್ರೆ ಹೊರಡುವವರೂ ನಮ್ಮಲ್ಲಿ ಉಂಟು. ದೀಪ, ಫ್ಯಾನು, ಫೋನು ಎಲ್ಲವನ್ನೂ ಎಂಜಿನ್ನಿನ ಬ್ಯಾಟರಿಗೇ ತಗಲಿಸಿದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದೆ ಹೋಗಬಹುದು. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ಆಸ್ಪತ್ರೆಗೆ ಒಯ್ಯಬೇಕಾದದ್ದೂ ಅದೇ ಗಾಡಿಯಲ್ಲವೇ?

ಎಂಜಿನ್ನಿನ ಬ್ಯಾಟರಿಯೊಳಗಿನ ಸೀಸದ ತಗಡುಗಳು ತೆಳುವಾದವು. ಕೆಲವೇ ಸೆಕೆಂಡು ಹೆಚ್ಚು ವಿದ್ಯುತ್ ಕೊಡುವುದಷ್ಟೇ ಅದರ ಕೆಲಸ. ಪದೇ ಪದೇ ಬರಿದು ಮಾಡಿದರೆ ಬೇಗ ಕೆಡುತ್ತದೆ. ಆದ್ದರಿಂದ ಮಲಗುವ ವ್ಯಾನಿಗೆ ಎರಡನೆಯ ಬ್ಯಾಟರಿ ಪ್ರತ್ಯೇಕವಾಗಿಯೇ ಇರತಕ್ಕದ್ದು.

ಎಷ್ಟು ದೊಡ್ಡದು ಬೇಕು? ಮೊದಲು ಒಂದು ರಾತ್ರಿಯ ಖರ್ಚನ್ನು ಬರೆದುಕೊಳ್ಳೋಣ.

೧೦ ವ್ಯಾಟ್ ದೀಪ, ೫ ಗಂಟೆ: ೫೦ ವ್ಯಾಟ್-ಗಂಟೆ
೨೦ ವ್ಯಾಟ್ ಫ್ಯಾನು, ೮ ಗಂಟೆ: ೧೬೦
ಫೋನುಗಳಿಗೆ: ೩೦
ಒಟ್ಟು: ೨೪೦ ವ್ಯಾಟ್-ಗಂಟೆ

ಇದನ್ನು ೧೨ ವೋಲ್ಟಿನಿಂದ ಭಾಗಿಸಿದರೆ ೨೦ ಆಂಪಿಯರ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸದಿರುವುದು ಲೇಸಾದ್ದರಿಂದ ೪೦ ಆಂಪಿಯರ್-ಗಂಟೆಯದು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ೮೦ ಪಾಲು ಬಳಸಬಹುದಾದ್ದರಿಂದ ೨೫ ಸಾಕು. ಮೋಡದ ದಿನಕ್ಕೆಂದು ಎರಡು ರಾತ್ರಿಯ ಶಿಲ್ಕು ಬೇಕಿದ್ದರೆ ಇವುಗಳನ್ನು ಇಮ್ಮಡಿ ಮಾಡಿ. ಲಿಥಿಯಂ ಹಗುರ, ಬಾಳಿಕೆ ಹೆಚ್ಚು. ಆದರೆ ಕೊಳ್ಳುವಾಗಿನ ಬೆಲೆ ಹೆಚ್ಚು. ವರ್ಷಕ್ಕೆ ಕೆಲವೇ ರಾತ್ರಿ ಬಳಸುವವರಿಗೆ ಸೀಸದ ಡೀಪ್-ಸೈಕಲ್ ಬ್ಯಾಟರಿಯೇ ಸಾಕೆಂಬುದು ನಮ್ಮ ಅಭಿಪ್ರಾಯ.

ಕಾಯಿಸುವ ಸಾಮಾನುಗಳನ್ನು ಈ ಲೆಕ್ಕಕ್ಕೆ ತರಬೇಡಿ. ೧೫೦೦ ವ್ಯಾಟಿನ ಕೆಟಲು ಹತ್ತೇ ನಿಮಿಷದಲ್ಲಿ ೨೫೦ ವ್ಯಾಟ್-ಗಂಟೆ, ಅಂದರೆ ಇಡೀ ರಾತ್ರಿಯ ಪಾಲನ್ನು ನುಂಗುತ್ತದೆ.

ಇನ್ನು ಸೌರಫಲಕ. ಕಾಫಿ ಒಣಗಿಸುವ ತಿಂಗಳುಗಳಲ್ಲಿ ದಿನಕ್ಕೆ ೪ ಗಂಟೆಯ ಪೂರ್ಣ ಬಿಸಿಲೆಂದು ಹಿಡಿದು, ನಷ್ಟ ಕಳೆದರೆ, ೧೦೦ ವ್ಯಾಟಿನ ಫಲಕದಿಂದ ಸುಮಾರು ೨೮೦ ವ್ಯಾಟ್-ಗಂಟೆ ಬರುತ್ತದೆ. ನಮ್ಮ ಖರ್ಚಿಗೆ ಅದು ಸಾಕು. ಆದರೆ ಗಾಡಿಯನ್ನು ಸಿಲ್ವರ್ ಓಕಿನ ನೆರಳಿನಲ್ಲಿ ನಿಲ್ಲಿಸಿದರೆ ಈ ಲೆಕ್ಕ ತಪ್ಪುತ್ತದೆ. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪತ್ತಿ ಬಹಳ ಇಳಿಯುತ್ತದೆ. ಮಳೆಗಾಲದಲ್ಲಿ ಫಲಕವನ್ನು ನಂಬದೆ, ಗಾಡಿ ಓಡುವಾಗ ಆಲ್ಟರ್ನೇಟರಿನಿಂದ ಡಿ.ಸಿ. ಚಾರ್ಜರ್ ಮೂಲಕ ತುಂಬಿಸಿಕೊಳ್ಳಬೇಕು.

ಜೋಡಿಸುವಾಗ ಮೂರು ಅಂಶಗಳನ್ನು ಮರೆಯಬಾರದು. ಒಂದು, ಬ್ಯಾಟರಿಯ ಧನ ತುದಿಗೆ ಸಮೀಪದಲ್ಲಿಯೇ, ತಂತಿಯ ದಪ್ಪಕ್ಕೆ ತಕ್ಕ ಫ್ಯೂಸ್ ಇರಬೇಕು. ಎರಡು, ಫಲಕಕ್ಕೂ ಬ್ಯಾಟರಿಗೂ ನಡುವೆ ಆ ಬ್ಯಾಟರಿಯ ಜಾತಿಗೆ ಹೊಂದುವ ಚಾರ್ಜ್ ಕಂಟ್ರೋಲರ್ ಇರಬೇಕು. ಮೂರು, ನೀರು ಹಾಕುವ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುವುದರಿಂದ, ಅದನ್ನು ಮಲಗುವ ಜಾಗದಿಂದ ಬೇರ್ಪಡಿಸಿ ಹೊರಗಿನ ಗಾಳಿಯಾಡುವಂತೆ ಇಡಬೇಕು.

ಮೊದಲು ಕಾಗದ ಪೆನ್ಸಿಲು, ಅನಂತರ ಅಂಗಡಿ. ಈ ಕ್ರಮ ತಪ್ಪದಿದ್ದರೆ ಹಣವೂ ಉಳಿದೀತು, ಅಪರಾತ್ರಿಯಲ್ಲಿ ಗಾಡಿಯೂ ಕೈಕೊಡದು.